ಬೆಲ್ಟು, ಹಗ್ಗ, ಕೊಂಡಿ: ಎತ್ತರದಲ್ಲಿ ದುಡಿಯುವ ನಮ್ಮವರಿಗೆ ನಾಲ್ಕು ಮಾತು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ. ಪಾಳಿಯ ಕೆಲಸದಿಂದಾಗಿ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ನಾವು ಭಾಷಣಕಾರರಲ್ಲ. ಮೆಟ್ರಿಕ್ ತನಕ ಓದಿ, ಗಿರಣಿಯೊಂದರ ಉಗ್ರಾಣದಲ್ಲಿ ಕಾರಕೂನಿಕೆ ಮಾಡಿಕೊಂಡು, ಸಂಜೆ ಇಲ್ಲಿ ಬಂದು ಪುಸ್ತಕದ ಕಪಾಟಿನ ಕೀಲಿ ತೆಗೆಯುವವರು. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. ಇಂದಿನ ವಿಷಯ ಹೇಗೆ ಹುಟ್ಟಿತು ಎಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಹೋದ ತಿಂಗಳು ವಾಚನಾಲಯದ ಮೇಜಿನ ಮೇಲೆ ಒಂದು ಹಳೆಯ ಸಚಿತ್ರ ಪತ್ರಿಕೆ ಬಿದ್ದಿತ್ತು. ಅದರಲ್ಲಿ ಪುಣೆಯ ಶೀತಲ್ ಮಹಾಜನ್ ಅವರ ಚಿತ್ರವಿತ್ತು. ವಿಮಾನದಿಂದ ಧುಮುಕಿ, ಪ್ಯಾರಾಶೂಟ್ ಬಿಚ್ಚಿ ನೆಲಕ್ಕಿಳಿಯುವ ಸಾಹಸದಲ್ಲಿ ಹೆಸರು ಮಾಡಿದ ಹೆಣ್ಣುಮಗಳು ಅವರು. 2004ರಲ್ಲಿ ಉತ್ತರ ಧ್ರುವದ ಹಿಮದ ಮೇಲೆ ಧುಮುಕಿದರು. 2011ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ನಮ್ಮ ಹುಡುಗರು ಆ ಚಿತ್ರದ ಸುತ್ತ ನೆರೆದು, ಎಂಥ ಎದೆಗಾರಿಕೆ ಎಂದು ಹೊಗಳುತ್ತಿದ್ದರು. ಅವರಲ್ಲಿ ಯಾದಗಿರಿ ಕಡೆಯ ಒಬ್ಬ ತಮ್ಮ, ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು, ಚಿತ್ರವನ್ನು ಬಹಳ ಹೊತ್ತು ನೋಡಿ, “ಎದಿಗಾರಿಕಿ ಇರಲಿ ಅಣ್ಣಾರ, ಆಕೀ ಮೈಮ್ಯಾಲೆ ಎಷ್ಟ ಪಟ್ಟಿ ಅದಾವ ನೋಡ್ರಿ. ನಮಗ ಹತ್ತನೇ ಮಾಳಿಗ್ಯಾಗ ಒಂದ ಹಗ್ಗ” ಎಂದನು.

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹೋದ ಮೇಲೆ ಆ ಮಾತು ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ. ಬೇಕೆಂದೇ ಆಕಾಶದಿಂದ ಧುಮುಕುವವರು ಜೀವ ಉಳಿಸಿಕೊಳ್ಳಲು ಏನೇನು ಮಾಡುತ್ತಾರೆ, ಹೊಟ್ಟೆಪಾಡಿಗಾಗಿ ಎತ್ತರ ಹತ್ತುವ ನಾವು ಏನೇನು ಮಾಡುವುದಿಲ್ಲ ಎಂಬುದನ್ನು ಪಕ್ಕ ಪಕ್ಕದಲ್ಲಿಟ್ಟು ನೋಡೋಣ. ಇಷ್ಟೇ ಇಂದಿನ ಮಾತು.

ಮೊದಲು ಧುಮುಕುವವರ ಸಾಮಾನು. ಅವರ ಬೆನ್ನ ಮೇಲಿನ ಗಂಟಿನಲ್ಲಿ ಇರುವುದು ಒಂದು ಪ್ಯಾರಾಶೂಟ್ ಅಲ್ಲ, ಎರಡು. ಮೊದಲನೆಯದು ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ಅದನ್ನು ಕಳಚಿ ಎಸೆದು ಎರಡನೆಯದನ್ನು ಎಳೆಯಬೇಕು. ಎಳೆಯಲು ಎಚ್ಚರವೇ ಇಲ್ಲದಿದ್ದರೆ? ಅದಕ್ಕೂ ಒಂದು ಪುಟ್ಟ ಯಂತ್ರವುಂಟು. ಮನುಷ್ಯ ಇನ್ನೂ ವೇಗವಾಗಿ ಬೀಳುತ್ತಲೇ ಇದ್ದರೆ, ನೆಲಕ್ಕೆ ಸುಮಾರು 750 ಅಡಿ ಇರುವಾಗ ಆ ಯಂತ್ರ ತಾನಾಗಿಯೇ ಎರಡನೆಯದನ್ನು ಬಿಚ್ಚುತ್ತದೆ. ಎದೆಗೆ ಒಂದು ಪಟ್ಟಿ, ಎರಡು ತೊಡೆಗಳಿಗೆ ಎರಡು ಪಟ್ಟಿ. ಎತ್ತರ ತೋರಿಸುವ ಗಡಿಯಾರ ಮಣಿಕಟ್ಟಿಗೆ. ತಲೆಗೆ ಶಿರಸ್ತ್ರಾಣ.

ಇಷ್ಟೆಲ್ಲ ಇದ್ದರೂ ಅವರು ಮೂರು ಸಾರಿ ತಪಾಸಣೆ ಮಾಡುತ್ತಾರೆ. ಹಾಕಿಕೊಳ್ಳುವ ಮೊದಲು ಒಂದು ಸಾರಿ, ವಿಮಾನ ಹತ್ತುವ ಮೊದಲು ಒಂದು ಸಾರಿ, ಬಾಗಿಲಿನಿಂದ ಹೊರಬೀಳುವ ಮೊದಲು ಇನ್ನೊಂದು ಸಾರಿ. ಬೆನ್ನಿನ ಭಾಗ ತನಗೆ ಕಾಣದ್ದರಿಂದ ಜೊತೆಗಾರನಿಂದ ನೋಡಿಸಿಕೊಳ್ಳುತ್ತಾರೆ. ಸಾವಿರ ಸಲ ಧುಮುಕಿದವನೂ ಇದನ್ನು ಬಿಡುವುದಿಲ್ಲ.

ಇನ್ನೊಂದು ಸಂಗತಿ ನಮ್ಮಂಥ ಕಾರಕೂನರ ಮನಸ್ಸಿಗೆ ನಾಟುವಂಥದು. ಆ ಎರಡನೆಯ ಪ್ಯಾರಾಶೂಟನ್ನು ಪರೀಕ್ಷೆ ಪಾಸಾಗಿ ಪರವಾನಿಗೆ ಪಡೆದ ಕುಶಲಿಯೇ ಮಡಚಬೇಕು. ಅಮೆರಿಕದ ನಿಯಮದಂತೆ 180 ದಿನಗಳಿಗೊಮ್ಮೆ ಅದನ್ನು ಪೂರ್ತಿ ಬಿಚ್ಚಿ, ಹೊಲಿಗೆ ಹೊಲಿಗೆ ನೋಡಿ, ಮತ್ತೆ ಮಡಚಿ, ದಾರಕ್ಕೆ ಮುದ್ರೆ ಒತ್ತಿ, ಒಂದು ಚೀಟಿಯಲ್ಲಿ ತಾರೀಖು ಬರೆದು ರುಜು ಹಾಕಬೇಕು. ಆ ಚೀಟಿ ಗಂಟಿನೊಳಗೇ ಇರುತ್ತದೆ. ಧುಮುಕುವವನು ತನ್ನ ಜೀವವನ್ನು ಆ ರುಜುವಿನ ಮೇಲೆ ಇಡುತ್ತಾನೆ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1912ರ ಫೆಬ್ರವರಿ 4ರಂದು ಪ್ಯಾರಿಸಿನಲ್ಲಿ ಫ್ರಾಂಜ್ ರೈಖೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಶೂಟ್ ಉಡುಪು ತೊಟ್ಟು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ ಧುಮುಕಿದ. ಎತ್ತರ ಸುಮಾರು 57 ಮೀಟರು. ಗೊಂಬೆಯನ್ನು ಬಿಟ್ಟು ನೋಡುವೆನೆಂದು ಅಪ್ಪಣೆ ಪಡೆದಿದ್ದವನು, ಸ್ನೇಹಿತರು ಬೇಡವೆಂದರೂ ಕೇಳದೆ ತಾನೇ ಹಾರಿದ. ಉಡುಪು ಅರಳಲಿಲ್ಲ, ಅಲ್ಲೇ ಪ್ರಾಣ ಹೋಯಿತು. ಎದೆಗಾರಿಕೆಯಲ್ಲಿ ಅವನಿಗೆ ಏನೂ ಕೊರತೆ ಇರಲಿಲ್ಲ. ಏಳು ವರ್ಷಗಳ ತರುವಾಯ, 1919ರ ಏಪ್ರಿಲ್ 28ರಂದು, ಅಮೆರಿಕದ ಲೆಸ್ಲಿ ಅರ್ವಿನ್ ವಿಮಾನದಿಂದ ಧುಮುಕಿ, ಗಾಳಿಯಲ್ಲಿ ತಾನೇ ಹಗ್ಗ ಎಳೆದು ಬಿಚ್ಚುವ ಪ್ಯಾರಾಶೂಟಿನಲ್ಲಿ ಇಳಿದ. ಕಾಲಿನ ಕೀಲು ಮುರಿಯಿತು, ಜೀವ ಉಳಿಯಿತು. ಅವನು ಧುಮುಕುವ ಮೊದಲು ಆ ತಂಡದವರು ಗೊಂಬೆಗಳನ್ನು ಕೆಡವಿ ಕೆಡವಿ ಪರೀಕ್ಷೆ ಮಾಡಿದ್ದರು. ದರ್ಜಿಗೂ ಇವನಿಗೂ ಇದ್ದ ವ್ಯತ್ಯಾಸ ಧೈರ್ಯದ್ದಲ್ಲ, ಪರೀಕ್ಷೆಯದು.

ಧುಮುಕಬೇಕೆಂಬ ಆಸೆ ನಿಜವಾಗಿಯೂ ಇರುವ ತರುಣರು ಇಲ್ಲಿದ್ದರೆ ಅವರಿಗೆ ಇಷ್ಟು ಹೇಳಿಬಿಡುತ್ತೇವೆ. ಪರವಾನಿಗೆಯುಳ್ಳ ಸಂಸ್ಥೆಗೇ ಹೋಗಿ. ಮೊದಲ ಸಲ ಅನುಭವಸ್ಥ ಗುರುವಿನ ಎದೆಗೆ ನಿಮ್ಮನ್ನು ನಾಲ್ಕು ಕೊಂಡಿಗಳಿಂದ ಜೋಡಿಸಿ ಇಬ್ಬರನ್ನೂ ಒಂದೇ ಪ್ಯಾರಾಶೂಟಿನಲ್ಲಿ ಇಳಿಸುತ್ತಾರೆ. ಎರಡನೆಯ ಪ್ಯಾರಾಶೂಟ್ ಮಡಚಿದ ತಾರೀಖು ಯಾವುದು, ತಾನಾಗಿ ಬಿಚ್ಚುವ ಯಂತ್ರ ಚಾಲೂ ಇದೆಯೇ, ಎಂದು ಕೇಳಲು ನಾಚಬೇಡಿ. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಧುಮುಕಬೇಡಿ. ಹಿಂದಿನ ರಾತ್ರಿ ಕುಡಿಯಬೇಡಿ. ಮೈಗೆ ಸರಿಯಿಲ್ಲದಿದ್ದರೆ ಕೊಟ್ಟ ಹಣ ಹೋದರೂ ಹಿಂದಕ್ಕೆ ಬನ್ನಿ.

ಇನ್ನು ನಮ್ಮ ಮಾತಿಗೆ ಬರೋಣ. ಮೇಲೆ ನಿದ್ದೆ ಬರಲಿಲ್ಲ ಎಂದೆವಲ್ಲ, ಅದರ ಕಾರಣ ಇದು.

ನಮ್ಮ ಉಗ್ರಾಣದಲ್ಲಿ ಆರು ಸೇಫ್ಟಿ ಬೆಲ್ಟುಗಳು ಇದ್ದವು. ಪ್ರತಿ ತಿಂಗಳೂ ದಾಸ್ತಾನು ಪುಸ್ತಕದಲ್ಲಿ “ಬೆಲ್ಟು 6, ಸುಸ್ಥಿತಿ” ಎಂದು ಬರೆದು ರುಜು ಹಾಕುವುದು ನಮ್ಮ ಕೆಲಸವಾಗಿತ್ತು. ಬೆಲ್ಟುಗಳು ಗೋಣಿಚೀಲದಲ್ಲಿ ಕಟ್ಟಿಟ್ಟ ಹಾಗೆಯೇ ಇದ್ದವು. ಚೀಲ ಇದೆ, ಚೀಲ ಉಬ್ಬಿದೆ, ಆದ್ದರಿಂದ ಆರು ಬೆಲ್ಟು ಇವೆ, ಸುಸ್ಥಿತಿಯಲ್ಲಿವೆ. ಹೀಗೆ ಮೂವತ್ತೊಂದು ತಿಂಗಳು ಬರೆದೆವು. ಚೀಲ ಒಂದು ಸಲವೂ ಬಿಚ್ಚಲಿಲ್ಲ. ಅದರ ಪಕ್ಕದ ಅಟ್ಟಣಿಗೆಯಲ್ಲಿ ಬಣ್ಣದ ಖಾತೆಯ ಆಮ್ಲದ ಡಬ್ಬಗಳು ಇದ್ದವು.

2019ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ, ಚಾವಣಿಯ ನೀರು ಹರಿಯುವ ದೋಣಿಯಲ್ಲಿ ತುಂಬಿದ್ದ ಕಸ ತೆಗೆಯಲು ನಮ್ಮವರೇ ಒಬ್ಬರು ಹತ್ತಿದರು. ಕಲಬುರಗಿ ಜಿಲ್ಲೆಯವರು, ನಮಗಿಂತ ಹಿರಿಯರು. ನಾವು ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಬೆಲ್ಟು ಕೇಳಿ ಪಡೆದುಕೊಂಡೇ ಹತ್ತಿದರು. ಕೊಂಡಿಯನ್ನು ಕಬ್ಬಿಣದ ತೊಲೆಗೆ ಹಾಕಿದರು. ಅವರ ಕಡೆಯಿಂದ ಲೋಪವಿಲ್ಲ. ಕಾಲು ಜಾರಿದಾಗ ಹಗ್ಗ ತಡೆಯಿತು, ತೊಲೆ ತಡೆಯಿತು, ತೊಡೆಯ ಪಟ್ಟಿ ತಡೆಯಲಿಲ್ಲ. ಆಮ್ಲದ ಹಬೆಗೆ ನೈಲಾನ್ ಸುಟ್ಟು ಬಿಸ್ಕತ್ತಿನಂತೆ ಆಗಿತ್ತು. ಅವರು ಬೆಲ್ಟಿನಿಂದ ಜಾರಿ ಹನ್ನೆರಡು ಅಡಿ ಕೆಳಗಿನ ಕಟ್ಟೆಯ ಮೇಲೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಎಂಟು ತಿಂಗಳು ಊರಿನಲ್ಲಿ ಮಲಗಿದರು. ಈಗ ಕುಂಟುತ್ತ ಗೇಟಿನ ಕಾವಲು ಮಾಡುತ್ತಾರೆ.

ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕುಳಿತು ನಾವು ತಪ್ಪೊಪ್ಪಿಕೊಂಡೆವು. ಅವರು ಬೈಯಲಿಲ್ಲ. “ನೀವು ನೋಡಲಿಲ್ಲ, ಖರೆ ಅದ ಕಾರಕೂನರ. ನಾ ಆದರೂ ಎಲ್ಲಿ ನೋಡೀನಿ? ಕೊಟ್ಟಿರಿ, ಹಾಕ್ಕೊಂಡೆ” ಎಂದರು. ಇಂದು ಈ ವಿಷಯ ಮಾತನಾಡಲು ಅವರ ಅಪ್ಪಣೆ ಕೇಳಿದ್ದೇವೆ. ಹೆಸರು ಹೇಳಬೇಡಿ, ಉಳಿದದ್ದೆಲ್ಲ ಹೇಳಿ ಎಂದಿದ್ದಾರೆ.

ಪ್ಯಾರಾಶೂಟಿನ ಚೀಟಿಯ ಮೇಲೂ ರುಜು ಇದೆ. ನಮ್ಮ ದಾಸ್ತಾನು ಪುಸ್ತಕದಲ್ಲೂ ರುಜು ಇತ್ತು. ಅದು ನೋಡಿ ಹಾಕಿದ್ದು, ಇದು ನೋಡದೆ ಹಾಕಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಆ ಮೇಲೆ ನಾವು ಬೆಲ್ಟಿನ ವಿಚಾರ ಕಲಿತೆವು. ಕಲಿತದ್ದನ್ನು ಈಗ ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಬೀಳುವುದು ಎಂದರೇನು ಎಂಬುದನ್ನು ತಿಳಿಯಬೇಕು. ಬಿದ್ದಾಗ ಏನಾದರೂ ಹಿಡಿದುಕೊಳ್ಳುತ್ತೇನೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಮನುಷ್ಯ 16 ಅಡಿ ಬೀಳುತ್ತಾನೆ. ಎರಡು ಸೆಕೆಂಡಿಗೆ 64 ಅಡಿ, ಅಂದರೆ ಆರು ಮಾಳಿಗೆ. ಆಗ ವೇಗ ಗಂಟೆಗೆ 70 ಕಿಲೋಮೀಟರು. ಕೂಗುವುದಕ್ಕೂ ವೇಳೆ ಇಲ್ಲ, ಹಿಡಿಯುವುದು ಎಲ್ಲಿಯ ಮಾತು? ಕೈ ಏನನ್ನೂ ಹಿಡಿಯದು. ಮೊದಲೇ ಹಾಕಿದ ಕೊಂಡಿಯೊಂದೇ ಹಿಡಿಯುವುದು.

ಎರಡನೆಯದು, ಎಂಥ ಬೆಲ್ಟು ಹಾಕಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೀಳುವವನನ್ನು ತಡೆಯಲು ತಕ್ಕದ್ದಲ್ಲ. ಜಗ್ಗು ಬಿದ್ದಾಗ ಮೈ ಎರಡಾಗಿ ಮಡಚಿ ಬೆನ್ನುಮೂಳೆಗೂ ಕರುಳಿಗೂ ಪೆಟ್ಟಾಗುತ್ತದೆ. ತಲೆಕೆಳಗಾದರೆ ಮನುಷ್ಯ ಜಾರಿಯೇ ಹೋಗಬಹುದು. ಧುಮುಕುವವರದು ನೋಡಿದಿರಲ್ಲ, ಹೆಗಲು, ಎದೆ, ತೊಡೆ ಎಲ್ಲಕ್ಕೂ ಪಟ್ಟಿ ಇದೆ. ನಮ್ಮದೂ ಹಾಗೆಯೇ ಇರಬೇಕು. ಅಂಗಡಿಯಲ್ಲಿ ಫುಲ್ ಬಾಡಿ ಬೆಲ್ಟು ಎಂದು ಕೇಳಿ. ಐಎಸ್ಐ ಗುರುತೂ ಐಎಸ್ 3521 ಎಂಬ ಸಂಖ್ಯೆಯೂ ತಯಾರಾದ ತಾರೀಖೂ ಅದರ ಚೀಟಿಯ ಮೇಲೆ ಇವೆಯೇ ಎಂದು ನೋಡಿ. ಹಗ್ಗದ ಕೊಂಡಿಯನ್ನು ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲುಗಳ ನಡುವೆ ಇರುವ ಬಳೆಗೆ ಹಾಕಬೇಕು. ತೊಡೆಯ ಪಟ್ಟಿ ಕಟ್ಟಿದಾಗ ಅಂಗೈ ಚಪ್ಪಟೆಯಾಗಿ ಒಳಗೆ ಹೋಗಬೇಕು, ಮುಷ್ಟಿ ಹೋಗಬಾರದು. ಸೆಖೆಯೆಂದು ತೊಡೆಯ ಪಟ್ಟಿ ಬಿಚ್ಚಿ ಜೋತು ಬಿಟ್ಟುಕೊಂಡು ತಿರುಗುವವರನ್ನು ದಿನವೂ ನೋಡುತ್ತೇವೆ. ಅದು ಬೆಲ್ಟು ಹಾಕಿದಂತಲ್ಲ, ಮುಕಾದಮನ ಕಣ್ಣಿಗೆ ತೋರಿಸಿದಂತೆ.

ಮೂರನೆಯದು, ಜಗ್ಗನ್ನು ಮೆತ್ತಗೆ ಮಾಡುವ ಪೊಟ್ಟಣ. ಪ್ಯಾರಾಶೂಟ್ ಒಮ್ಮೆಲೇ ಬಿಚ್ಚಿಕೊಂಡರೆ ಮನುಷ್ಯನ ಮೂಳೆ ಮುರಿಯುತ್ತದೆ. ಆದ್ದರಿಂದ ಅದರ ದಾರಗಳ ಮೇಲೆ ಒಂದು ಚೌಕ ಬಟ್ಟೆ ಇಟ್ಟಿರುತ್ತಾರೆ. ಆ ಬಟ್ಟೆ ಮೆಲ್ಲಗೆ ಕೆಳಕ್ಕೆ ಸರಿದಂತೆ ಪ್ಯಾರಾಶೂಟೂ ಮೆಲ್ಲಗೆ ಅರಳುತ್ತದೆ. ನಮ್ಮ ಬೆಲ್ಟಿನ ಹಗ್ಗದಲ್ಲೂ ಇದೇ ಕೆಲಸ ಮಾಡುವ ಪೊಟ್ಟಣವುಂಟು. ಅಂಗಡಿಯವರು ಶಾಕ್ ಅಬ್ಸಾರ್ಬರ್ ಎನ್ನುತ್ತಾರೆ. ಒಳಗೆ ಮಡಚಿ ಹೊಲಿದ ಪಟ್ಟಿ. ಜಗ್ಗು ಬಿದ್ದಾಗ ಹೊಲಿಗೆ ಸರಸರನೆ ಬಿಚ್ಚುತ್ತ ಮೂರು ನಾಲ್ಕು ಅಡಿ ಉದ್ದವಾಗುತ್ತದೆ. ಲೆಕ್ಕ ನೋಡಿ. ಆರು ಅಡಿ ಬಿದ್ದ 70 ಕಿಲೋ ತೂಕದವನನ್ನು ಹಗ್ಗ ಅರ್ಧ ಅಡಿಯೊಳಗೆ ನಿಲ್ಲಿಸಿದರೆ ಅವನ ಮೈಮೇಲೆ ಬೀಳುವ ಜಗ್ಗು ಸುಮಾರು 900 ಕಿಲೋ. ಅದೇ ಮೂರು ಅಡಿಯಲ್ಲಿ ನಿಲ್ಲಿಸಿದರೆ ಸುಮಾರು 200 ಕಿಲೋ. ಮೊದಲನೆಯದು ಪಕ್ಕೆಲುಬು ಮುರಿಯುವಂಥದು, ಎರಡನೆಯದು ತಾಳಿಕೊಳ್ಳುವಂಥದು. ಆ ಪೊಟ್ಟಣ ತೊಡಕೆಂದು ಕತ್ತರಿಸಿ ಬರಿಯ ಹಗ್ಗ ಕಟ್ಟಿಕೊಳ್ಳುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ನಾಲ್ಕನೆಯದು, ಕೊಂಡಿ ಎಲ್ಲಿ ಹಾಕಬೇಕು. ತಲೆಗಿಂತ ಮೇಲೆ ಹಾಕುವುದು ಉತ್ತಮ, ಹೆಗಲ ಮಟ್ಟ ಮಧ್ಯಮ, ಕಾಲ ಬಳಿ ಅಧಮ. ಆರು ಅಡಿ ಹಗ್ಗವನ್ನು ತಲೆಯ ಮೇಲೆ ಕಟ್ಟಿದರೆ ಸ್ವಲ್ಪವೇ ಬೀಳುತ್ತೀರಿ; ಕಾಲ ಬಳಿ ಕಟ್ಟಿದರೆ ಹಗ್ಗ ಬಿಗಿಯಾಗುವ ಮೊದಲೇ ಹತ್ತು ಹನ್ನೊಂದು ಅಡಿ ಬಿದ್ದಿರುತ್ತೀರಿ. ಇನ್ನು ಯಾವುದಕ್ಕೆ ಹಾಕಬೇಕು? ಒಂದೂವರೆ ಎರಡು ಟನ್ ಭಾರ ತೂಗಿದರೂ ಅಲುಗದ ಕಾಂಕ್ರೀಟು ಕಂಬ, ಕಬ್ಬಿಣದ ತೊಲೆ, ಇಲ್ಲವೇ ಅದಕ್ಕೆಂದೇ ಬಿಗಿದ ಉಕ್ಕಿನ ಹಗ್ಗ. ಸಾರವೆಯ ಬಿದಿರಿಗೆ ಬೇಡ. ಇಲ್ಲಿ ನಾವು ಪರಾಂಚಿ ಎನ್ನುವ ಅದು ಮುರಿದರೆ ಬಿದಿರೂ ನೀವೂ ಜೊತೆಯಾಗಿ ಬರುತ್ತೀರಿ. ನೀರಿನ ನಳಕ್ಕೆ ಬೇಡ, ಕಿಟಕಿಯ ಸರಳಿಗೆ ಬೇಡ, ಗೋಡೆಗೆ ಸಿಕ್ಕಿಸಿದ ಏಸಿಯ ಚೌಕಟ್ಟಿಗೆ ಬೇಡ. ಹಗ್ಗ ಗಿಡ್ಡವೆಂದು ಇನ್ನೊಂದಕ್ಕೆ ಗಂಟು ಹಾಕಬೇಡಿ. ಗಂಟು ಬಿದ್ದ ಕಡೆ ಹಗ್ಗದ ಬಲ ಅರ್ಧದ ತನಕ ಇಳಿಯಬಹುದು. ಹಗ್ಗ ಗೋಡೆಯ ಚೂಪು ಅಂಚಿನ ಮೇಲೆ ಹಾಯ್ದರೆ ಕೆಳಗೆ ದಪ್ಪ ಗೋಣಿ ಇಡಿ.

ಐದನೆಯದು, ಕೆಳಗೆ ಜಾಗ ಎಷ್ಟಿದೆ ಎಂದು ಅಳೆಯಬೇಕು. ಹಗ್ಗ 6 ಅಡಿ, ಪೊಟ್ಟಣ ಬಿಚ್ಚಿದ್ದು 4 ಅಡಿ, ಬೆನ್ನಿನ ಬಳೆಯಿಂದ ಪಾದದ ತನಕ 5 ಅಡಿ, ಮೇಲೆ 3 ಅಡಿ ಎಚ್ಚರಿಕೆಗೆ. ಕೂಡಿಸಿದರೆ 18 ಅಡಿ. ಕೊಂಡಿ ಹಾಕಿದ ಜಾಗದಿಂದ ಕೆಳಗೆ 18 ಅಡಿ ಬಯಲು ಇಲ್ಲದಿದ್ದರೆ ಬೆಲ್ಟು ತಡೆಯುವ ಮೊದಲೇ ನೆಲ ತಡೆಯುತ್ತದೆ. ಅಂಥ ಕಡೆ ಅಂಚಿನ ತನಕ ಹೋಗಲಾಗದಷ್ಟು ಗಿಡ್ಡ ಹಗ್ಗ ಕಟ್ಟಬೇಕು, ಇಲ್ಲವೇ ಕಟಕಟೆ ಹಾಕಿಸಬೇಕು. ಬೀಳದಂತೆ ಮಾಡುವುದೇ ಯಾವಾಗಲೂ ಮೊದಲ ಉಪಾಯ. ಬಿದ್ದವನನ್ನು ತಡೆಯುವುದು ಎರಡನೆಯದು.

ಆರನೆಯದು, ಎರಡು ಹಗ್ಗ. ಧುಮುಕುವವನಿಗೆ ಎರಡು ಪ್ಯಾರಾಶೂಟ್ ಇರುವಂತೆ, ಜೂಲಾದ ಹಲಗೆಯ ಮೇಲೆ ಕುಳಿತು ಗೋಡೆಗೆ ಬಣ್ಣ ಬಳಿಯುವವನಿಗೆ ಎರಡು ಹಗ್ಗ ಇರಲೇಬೇಕು. ಒಂದು ಜೂಲಾದ್ದು, ಇನ್ನೊಂದು ಅವನ ಬೆಲ್ಟಿನದು. ಎರಡನ್ನೂ ಗಚ್ಚಿಯ ಮೇಲೆ ಬೇರೆ ಬೇರೆ ಕಡೆ ಕಟ್ಟಬೇಕು. ಒಂದೇ ಗೂಟಕ್ಕೆ ಎರಡೂ ಕಟ್ಟಿದರೆ ಗೂಟ ಕಿತ್ತಾಗ ಎರಡೂ ಹೋಗುತ್ತವೆ. ಎರಡನೆಯ ಹಗ್ಗದ ಮೇಲೆ ರೋಪ್ ಗ್ರ್ಯಾಬ್ ಎಂಬ ಹಿಡಿಕೆ ಇರುತ್ತದೆ. ನಿಧಾನವಾಗಿ ಇಳಿದರೆ ಜೊತೆಗೆ ಸರಿಯುತ್ತದೆ, ಒಮ್ಮೆಲೇ ಜಗ್ಗಿದರೆ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ಪರಾಂಚಿಯ ಮೇಲೆ ನಡೆದಾಡುವವರು ಎರಡು ಕೊಂಡಿಯ ಹಗ್ಗ ಕೇಳಿ. ಒಂದನ್ನು ಮುಂದೆ ಹಾಕಿದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು. ಜಾಗ ಬದಲಿಸುವ ಆ ಅರೆಗಳಿಗೆಯಲ್ಲೂ ಮೈ ಬರಿದಾಗಬಾರದು.

ಏಳನೆಯದು, ದಿನವೂ ನೋಡುವುದು. ಕೈಯಲ್ಲಿ ಹಿಡಿದು ಪಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ. ಬಗ್ಗಿಸಿದಾಗ ಕಡಿತ ಇದ್ದರೆ ಬಾಯಿ ತೆರೆಯುತ್ತದೆ. ಎಳೆ ಎದ್ದಿದೆಯೇ, ಹೊಲಿಗೆ ಹರಿದಿದೆಯೇ, ಬೆಸುಗೆಯ ಕಿಡಿ ಬಿದ್ದು ತೂತಾಗಿದೆಯೇ, ಬಣ್ಣ ಬಿದ್ದು ಗಟ್ಟಿಯಾಗಿದೆಯೇ, ಬಿಸಿಲಿಗೆ ಬಣ್ಣ ಮಾಸಿದೆಯೇ, ಇಲಿ ಕಚ್ಚಿದೆಯೇ, ಎಲ್ಲವನ್ನೂ ನೋಡಿ. ಕೊಂಡಿಯ ಬಾಯಿ ತಾನಾಗಿ ಮುಚ್ಚಿ ಬೀಗ ಬೀಳಬೇಕು. ತುಕ್ಕು, ಬಿರುಕು ಇರಬಾರದು. ಬಟ್ಟೆಯ ಗಿರಣಿಯವರಿಗೆ ಹೇಳಬೇಕಾದ್ದಿಲ್ಲ, ನೈಲಾನಿಗೆ ಆಮ್ಲ ಶತ್ರು, ಪಾಲಿಯೆಸ್ಟರಿಗೆ ಕಾಸ್ಟಿಕ್ ಶತ್ರು. ಎರಡಕ್ಕೂ ಬಿಸಿಲು ಶತ್ರು. ಕೊಳೆಯಾದರೆ ಸಾಬೂನಿನ ತಿಳಿನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ, ಗೂಟಕ್ಕೆ ತೂಗುಹಾಕಿ. ಒಂದು ಸಲ ಬಿದ್ದವನನ್ನು ತಡೆದ ಬೆಲ್ಟು, ಕಣ್ಣಿಗೆ ಚೆನ್ನಾಗಿಯೇ ಕಂಡರೂ, ಮತ್ತೆ ಉಪಯೋಗಕ್ಕೆ ಬಾರದು. ಅದನ್ನು ಮೂಲೆಗೆ ಎಸೆದರೆ ಇನ್ನೊಬ್ಬ ಬಡವ ಎತ್ತಿಕೊಳ್ಳುತ್ತಾನೆ. ಕತ್ತರಿಯಿಂದ ತುಂಡು ಮಾಡಿ ಎಸೆಯಿರಿ. ಹಾಕಿಕೊಂಡ ಮೇಲೆ ಜೊತೆಗಾರನಿಗೆ ಬೆನ್ನು ತೋರಿಸಿ. ನೀವು ಅವನದನ್ನು ನೋಡಿ, ಅವನು ನಿಮ್ಮದನ್ನು ನೋಡಲಿ.

ಎಂಟನೆಯದು, ಚಾವಣಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡುವುದು ನೀರಿನ ಮೇಲೆ ಕಾಲಿಟ್ಟಂತೆ. ಹಳೆಯ ಶೀಟು ಸದ್ದಿಲ್ಲದೆ ಒಡೆಯುತ್ತದೆ. ಬೆಳಕಿಗೆಂದು ನಡುನಡುವೆ ಹಾಕಿದ ಪಾರದರ್ಶಕ ಶೀಟು ಧೂಳು ಕೂತು ಉಳಿದವುಗಳಂತೆಯೇ ಕಾಣುತ್ತದೆ. ಅದು ಇನ್ನೂ ಅಪಾಯ. ಮೊಳೆಯ ಸಾಲಿನ ಮೇಲೆ, ತೊಲೆಯ ನೇರಕ್ಕೆ ನಡೆದರೆ ಸಾಕೆಂಬ ನಂಬಿಕೆ ಬೇಡ. ಎರಡು ತೊಲೆಗಳಿಗೆ ಆನಿಸಿದ ಅಗಲವಾದ ಹಲಗೆಗಳ ಮೇಲೆಯೇ ನಡೆಯಬೇಕು, ಬೆಲ್ಟೂ ಇರಬೇಕು. ಮಳೆ ಬಂದರೆ, ಗಾಳಿ ಎದ್ದರೆ ಇಳಿದುಬಿಡಿ.

ಒಂಬತ್ತನೆಯದು, ತೂಗಾಡುತ್ತಿರುವವನ ಸಂಗತಿ. ಬೆಲ್ಟು ತಡೆಯಿತು, ಜೀವ ಉಳಿಯಿತು ಎಂದು ನಿಟ್ಟುಸಿರು ಬಿಡಬೇಡಿ. ಬೆಲ್ಟಿನಲ್ಲಿ ಅಲುಗಾಡದೆ ತೂಗುವವನ ರಕ್ತ ಕಾಲುಗಳಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಬರಬಹುದು. ಆದ್ದರಿಂದ ಬಿದ್ದವನನ್ನು ಹೇಗೆ ಇಳಿಸುವುದು ಎಂಬುದನ್ನು ಹತ್ತುವ ಮೊದಲೇ ಗೊತ್ತು ಮಾಡಿಕೊಳ್ಳಿ. ಏಣಿ ಎಲ್ಲಿದೆ, ಹಗ್ಗ ಎಲ್ಲಿದೆ, ಯಾರು ಓಡಬೇಕು? ಒಬ್ಬನೇ ಎಂದೂ ಎತ್ತರದ ಕೆಲಸಕ್ಕೆ ಹೋಗಬೇಡಿ. ತೂಗುತ್ತಿರುವವನು ಕಾಲುಗಳನ್ನು ಆಡಿಸುತ್ತಲೇ ಇರಬೇಕು. ಹಗ್ಗದ ಕುಣಿಕೆ ಮಾಡಿ ಅದರಲ್ಲಿ ಪಾದ ಊರಿ ನಿಲ್ಲಲು ಸಾಧ್ಯವಾದರೆ ಬಹಳ ಒಳ್ಳೆಯದು. ಇಳಿಸಿದ ಮೇಲೆ ಮಲಗಿಸಿ, ಉಸಿರಾಟ ನೋಡಿ, 108ಕ್ಕೆ ಫೋನು ಮಾಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ನೆಲಕ್ಕೆ ಬಿದ್ದವನಾಗಿದ್ದರೆ ಬೆನ್ನು, ಕುತ್ತಿಗೆಗೆ ಪೆಟ್ಟಾಗಿರಬಹುದು. ಅವನನ್ನು ಎತ್ತಿ ರಿಕ್ಷಾದಲ್ಲಿ ಕೂರಿಸುವ ಅವಸರ ಮಾಡದೆ, ಅಲುಗಿಸದೆ ಗಾಡಿ ಬರುವ ತನಕ ಕಾಯಿರಿ.

ಇಷ್ಟು ಕೇಳಿದ ಮೇಲೆ ನೀವು ಏನು ಹೇಳುವಿರೆಂದು ನಮಗೆ ಗೊತ್ತು. ಬೆಲ್ಟು ಹಾಕಿಕೊಂಡರೆ ಕೈ ಓಡುವುದಿಲ್ಲ, ಚದರ ಅಡಿಯ ಲೆಕ್ಕದ ಕೂಲಿ ಕಡಿಮೆಯಾಗುತ್ತದೆ, ಬೆಲ್ಟು ಕೇಳಿದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಎನ್ನುತ್ತಾನೆ. ಈ ಮಾತುಗಳು ಸುಳ್ಳಲ್ಲ. ಕುರ್ಚಿಯ ಮೇಲೆ ಕೂರುವ ನಾವು ಇವನ್ನು ಹಗುರ ಮಾಡಿ ಮಾತನಾಡಿದರೆ ಪಾಪ ಬರುತ್ತದೆ. ಆದರೂ ಎರಡು ಸಂಗತಿ ತಿಳಿದಿರಲಿ. ಬೆಲ್ಟು ಕೊಡುವುದು ಯಜಮಾನನ ದಯೆಯಲ್ಲ. ಎತ್ತರದಲ್ಲಿ ಕೆಲಸ ಮಾಡುವವನು ಬೀಳದಂತೆ ವ್ಯವಸ್ಥೆ ಮಾಡಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಈಗ ಅದರ ಜಾಗದಲ್ಲಿ 2020ರ ಸಂಹಿತೆ ಬಂದಿದೆ. 2025ರ ನವೆಂಬರಿನಲ್ಲಿ ಜಾರಿಯಾಯಿತು. ಸುರಕ್ಷತೆಗಾಗಿ ಕೊಡುವ ಯಾವ ವಸ್ತುವಿಗೂ ಕೆಲಸಗಾರನಿಂದ ದುಡ್ಡು ಹಿಡಿಯಕೂಡದು ಎಂದು ಅದರಲ್ಲಿದೆ. ಎರಡನೆಯದಾಗಿ, ಒಬ್ಬನೇ ಕೇಳಿದರೆ ತೆಗೆದುಹಾಕುವ ಗುತ್ತಿಗೆದಾರ ಹತ್ತು ಮಂದಿ ಜೊತೆಗೂಡಿ ಕೇಳಿದಾಗ ಯೋಚನೆ ಮಾಡುತ್ತಾನೆ. ಹತ್ತು ಮಂದಿಯನ್ನು ಒಂದೇ ದಿನ ತೆಗೆದರೆ ಅವನ ಕೆಲಸವೂ ನಿಲ್ಲುತ್ತದೆ.

ಇನ್ನೊಂದು ಮಾತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಏನಾದರೂ ಆದ ಮೇಲೆ ಓಡಾಡುವ ಬದಲು ಈಗಲೇ ಬರೆಸಿಡಿ. ಫಾರಮು ತುಂಬಲು ಬರದವರು ಭಾನುವಾರ ಇಲ್ಲಿಗೆ ಬನ್ನಿ, ನಾವು ತುಂಬಿಕೊಡುತ್ತೇವೆ.

ಕೊನೆಗೆ ನಮ್ಮ ಜಾತಿಯವರಿಗೆ, ಅಂದರೆ ಕಾರಕೂನರ ಜಾತಿಯವರಿಗೆ, ಒಂದು ಮಾತು. ಈ ಸಭೆಯಲ್ಲಿ ಅರ್ಧ ಮಂದಿ ನಾವೇ ಇದ್ದೇವೆ. ಉಗ್ರಾಣದಲ್ಲಿ, ಟೈಂ ಆಫೀಸಿನಲ್ಲಿ, ಗುತ್ತಿಗೆದಾರನ ಖೋಲಿಯಲ್ಲಿ ದಿನಕ್ಕೆ ನೂರು ಕಡೆ ರುಜು ಹಾಕುತ್ತೇವೆ. ನಾವು ಎತ್ತರ ಹತ್ತುವುದಿಲ್ಲ, ನಿಜ. ಆದರೆ ಹತ್ತುವವನು ನಮ್ಮ ರುಜುವಿನ ಮೇಲೆ ಹತ್ತುತ್ತಾನೆ. ಸುಸ್ಥಿತಿ ಎಂದು ಬರೆಯುವ ಮೊದಲು ಚೀಲ ಬಿಚ್ಚಿ. ಆರು ಬೆಲ್ಟು ಬಿಚ್ಚಿ ನೋಡಲು ಅರ್ಧ ಗಂಟೆ ಸಾಕು. ನಮ್ಮ ಮೂವತ್ತೊಂದು ತಿಂಗಳಲ್ಲಿ ಆ ಅರ್ಧ ಗಂಟೆ ಒಂದು ಸಲವಾದರೂ ಸಿಗಲಿಲ್ಲವೇ ಎಂದು ಕಾಕಾ ಕುಂಟುತ್ತ ಗೇಟು ತೆರೆದಾಗಲೆಲ್ಲ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ.

ಮುಂದಿನ ಭಾನುವಾರದಿಂದ ಒಂದು ಫುಲ್ ಬಾಡಿ ಬೆಲ್ಟು ವಾಚನಾಲಯದ ಗೋಡೆಯ ಗೂಟಕ್ಕೆ ತೂಗುಹಾಕಿರುತ್ತದೆ. ಚಂದಾ ಇಲ್ಲ, ಠೇವಣಿ ಇಲ್ಲ. ಯಾರು ಬೇಕಾದರೂ ತೆಗೆದು, ಹಾಕಿಕೊಂಡು, ಬಿಚ್ಚಿ, ನೋಡಿ ಕಲಿಯಬಹುದು. ಹಾಕಿ ತೋರಿಸಲು ಕಾಕಾ ಅವರೇ ಸಂಜೆ ಐದರಿಂದ ಏಳರ ತನಕ ಇರುವುದಾಗಿ ಒಪ್ಪಿದ್ದಾರೆ. ನಮಗಿಂತ ಚೆನ್ನಾಗಿ ಅವರು ಹೇಳಬಲ್ಲರು.